ಸುರುಳಿ ಬಿಚ್ಚಿಕೊಂಡ ಪಾಚಿ

ಹಸಿರು ಕಂಡಲ್ಲಿ ಉಗುರು ಹಾಕಿ ಕೆರೆದು ನೋಡುವುದು ನನ್ನ ಅಭ್ಯಾಸ. ಹಸಿರು ಅಂದರೆ ಗಿಡಮರದ ಹಸಿರಲ್ಲ. ನೀರಿನ ಟ್ಯಾಂಕಿನ ಬುಡದಲ್ಲಿ, ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ, ಸೋರುವ ಪೈಪಿನ ಕೆಳಗೆ ಯಾರಿಗೂ ಬೇಡವಾಗಿ ಕೂತಿರುತ್ತದಲ್ಲ, ಆ ಹಸಿರು. ಕಳೆದ ತಿಂಗಳು ವೈಟ್‌ಫೀಲ್ಡಿನಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ರೇಷ್ಮೆ ಸೀರೆ ಉಟ್ಟುಕೊಂಡು ಹೋದವಳು ಕಾರು ನಿಲ್ಲಿಸುವ ನೆಲಮಾಳಿಗೆಯ ಇಳಿಜಾರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಡೆ ಕೆರೆಯತೊಡಗಿದೆ. ಸೆಕ್ಯುರಿಟಿಯವರು ಓಡಿ ಬಂದು, "ಮೇಡಂ, ಓಲೆ ಏನಾದ್ರೂ ಬಿತ್ತಾ?" ಎಂದರು. ನನ್ನ ಯಜಮಾನರು ಕಾರಿನೊಳಗಿಂದಲೇ, "ಏನೂ ಬಿದ್ದಿಲ್ಲ ಕಣಪ್ಪ. ಅವರು ಹಂಗೇ," ಎಂದು ಸಮಾಧಾನ ಹೇಳಿದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವರು ನನ್ನನ್ನು ಇಷ್ಟರಮಟ್ಟಿಗೆ ಅರ್ಥ ಮಾಡಿಕೊಂಡಿದ್ದಾರೆ.

ಪಾಚಿಗೂ ನನಗೂ ಸಂಬಂಧ ಶುರುವಾದದ್ದು ಜಗಳದಿಂದ. ನಮ್ಮೂರು ಹರಿಹರ. ಒಂಬತ್ತು ವರ್ಷದವಳಿದ್ದಾಗ ಹೊಳೆಯ ಮೆಟ್ಟಿಲ ಮೇಲೆ ಹಾವಸೆ ಕಟ್ಟಿದ್ದನ್ನು ಗಮನಿಸದೆ ಓಡಿ, ಜಾರಿ, ಮುಂದಿನ ಹಲ್ಲು ಮುರಿದುಕೊಂಡೆ. ಆ ಹಲ್ಲಿನ ಮೂಲೆ ಇವತ್ತಿಗೂ ತುಂಗಭದ್ರೆಯಲ್ಲೇ ಇದೆ. ಮುಂದೆ ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುವಾಗ ವಿಶೇಷ ವಿಷಯ ಆರಿಸಿಕೊಳ್ಳಿ ಎಂದರು. ಎಲ್ಲರೂ ಹೂವು, ಬೀಜ, ಕಸಿ ಎಂದು ಹಂಚಿಕೊಂಡ ಮೇಲೆ ಉಳಿದದ್ದು ಪಾಚಿ. ನನ್ನ ಹಲ್ಲು ಮುರಿದದ್ದು ಯಾರು ಎಂದು ತಿಳಿದುಕೊಂಡ ಹಾಗೂ ಆಯಿತು ಅಂತ ನಾನು ಅದನ್ನೇ ತೆಗೆದುಕೊಂಡೆ.

ಒಮ್ಮೆ ನಮ್ಮನ್ನು ಕಾರವಾರದ ಕಡಲಿಗೆ ಕರೆದುಕೊಂಡು ಹೋಗಿದ್ದರು. ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಮಲಗಿರುವ ಸಮುದ್ರದ ಪಾಚಿಗಳನ್ನು ನಾನು ಕಂಡದ್ದು ಅದೇ ಮೊದಲು. ಒಂದು ಸೊಪ್ಪಿನಂತೆ, ಒಂದು ಕೆಂಪು ಕೂದಲಿನಂತೆ, ಮತ್ತೊಂದು ಸಣ್ಣ ಸಣ್ಣ ಗಾಳಿಬುಡ್ಡಿ ಕಟ್ಟಿಕೊಂಡ ಕಂದು ಬಳ್ಳಿಯಂತೆ. ಕಾಗದದ ಮೇಲೆ ಒತ್ತಿ ಒಣಗಿಸಲೆಂದು ಹಾಸ್ಟೆಲಿಗೆ ತಂದರೆ, ಮೀನಿನ ವಾಸನೆಗೆ ರೂಮಿನವರು ನನ್ನ ಹಾಸಿಗೆಯನ್ನೇ ಹೊರಗಿಟ್ಟರು. ಅದೇ ಹುಡುಗಿಯರು ಭಾನುವಾರ ಮೆಸ್ಸಿನಲ್ಲಿ ಹಾಲಿನ ಚೈನಾ ಗ್ರಾಸ್ ಮಾಡಿದರೆ ಎರಡೆರಡು ಬಟ್ಟಲು ತಿನ್ನುತ್ತಿದ್ದರು. ಅದು ಆ ಕೆಂಪು ಕೂದಲಿನ ಜಾತಿಯ ಪಾಚಿಯನ್ನೇ ಕುದಿಸಿ ತೆಗೆದದ್ದು, ನಮ್ಮ ಲ್ಯಾಬಿನಲ್ಲಿ ಗಾಜಿನ ತಟ್ಟೆಗೆ ಹೊಯ್ಯುವ ಅಗರ್ ಕೂಡ ಅದೇ ಎಂದು ನಾನು ಹೇಳಿದ ದಿನ ಒಬ್ಬಳು ಚಮಚ ಕೆಳಗಿಟ್ಟಳು. ಆಮೇಲೆ ಮತ್ತೆ ಎತ್ತಿಕೊಂಡಳು ಅನ್ನಿ.

ಓದು ಮುಗಿದು ಕೆಲಸ ಸಿಕ್ಕಿದ್ದು ಚಂದಾಪುರದ ಹತ್ತಿರ. ಎರಡು ಸಾವಿರದ ದಶಕದ ನಡುಭಾಗ. ಹೊಸೂರು ರಸ್ತೆ ಬಿಟ್ಟು ಒಳಗೆ ಒಂದೂವರೆ ಮೈಲಿ ನಡೆದರೆ, ಗ್ರಾನೈಟ್ ಕುಯ್ಯುವ ಶೆಡ್ಡಿಗೂ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಗೂ ನಡುವೆ ಆರು ಸಿಮೆಂಟಿನ ಕೊಳಗಳು. ಮೊಣಕಾಲಿಗಿಂತ ಕಡಿಮೆ ಆಳ. ಅದರಲ್ಲಿ ಬೆಳೆಯುತ್ತಿದ್ದದ್ದು ಸ್ಪಿರುಲಿನ. ಅಡುಗೆ ಸೋಡ, ಉಪ್ಪು, ಒಂದಿಷ್ಟು ಗೊಬ್ಬರ ಕಲಸಿದ ನೀರಿನಲ್ಲಿ, ಬಿಸಿಲಿನಲ್ಲಿ, ನೀರು ತಿರುಗಿಸುವ ಚಕ್ರದ ಜೊತೆ ಸುತ್ತುತ್ತಾ ಬೆಳೆಯುವ ಕಡುಹಸಿರು ಪಾಚಿ. ಬೆಳಿಗ್ಗೆ ಆ ನೀರನ್ನು ಸಣ್ಣ ನೇಯ್ಗೆಯ ಜರಡಿ ಬಟ್ಟೆಗೆ ಹೊಯ್ದರೆ ಪಾಚಿ ಮೇಲೆ ನಿಲ್ಲುತ್ತದೆ, ನೀರು ಕೆಳಗೆ ಇಳಿಯುತ್ತದೆ. ನಿಂತದ್ದನ್ನು ತೊಳೆದು, ಹಿಂಡಿ, ಶಾವಿಗೆಯಂತೆ ಒತ್ತಿ ಒಣಗಿಸಿ ಪುಡಿ ಮಾಡುತ್ತಿದ್ದೆವು. ಪುಡಿ ಮಾತ್ರೆ ಮಾಡುವವರಿಗೆ ಹೋಗುತ್ತಿತ್ತು, ಮೀನು ಸಾಕುವವರಿಗೆ ಹೋಗುತ್ತಿತ್ತು. ಶಾಸ್ತ್ರದ ಪ್ರಕಾರ ಇದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾದ ಬಳಗ ಎಂದು ಈಗಿನವರು ಹೇಳುತ್ತಾರೆ. ನಾನೂ ಪರೀಕ್ಷೆಯಲ್ಲಿ ಹಾಗೆಯೇ ಬರೆದಿದ್ದೆ. ಆದರೆ ಅಮ್ಮನಿಗೆ ಅದನ್ನೆಲ್ಲ ಫೋನಿನಲ್ಲಿ ಹೇಗೆ ವಿವರಿಸುವುದು? "ಪಾಚಿ ಬೆಳಸಾಕೆ ಎಂ.ಎಸ್ಸಿ. ಯಾಕೆ ಬೇಕಿತ್ತೇ? ನಮ್ಮ ಬಚ್ಚಲದಾಗೆ ತಾನಾಗೇ ಬೆಳಿತತಿ," ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು.

ಕಂಪನಿಯ ಮಾಲೀಕರು ಗುರುಬಸಪ್ಪನವರು. ಚಿತ್ರದುರ್ಗದ ಕಡೆಯವರು, ಪೀಣ್ಯದ ಬಣ್ಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಸ್ಕ್ರೂಡ್ರೈವರು. ಜೀವಮಾನವೆಲ್ಲ ನೀರಿಗೆ ಬಣ್ಣ ಬಿಟ್ಟಿದ್ದೇನೆ, ಈಗ ನೀರಿನಿಂದ ಬಣ್ಣ ತೆಗೆಯುತ್ತೇನೆ ಎನ್ನುತ್ತಿದ್ದರು. ನಾನು ಸುಮಂಗಲಾ, 'ಕಲ್ಚರ್ ಇನ್‌ಚಾರ್ಜ್'. ಅಂದರೆ ಪಾಚಿ ಚೆನ್ನಾಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವವಳು. ಕೊಳ ಕಲಕುವುದು, ಸೋಸುವುದು, ಒಣಗಿಸುವುದು ನಾಲ್ಕು ಹೆಂಗಸರ ಕೆಲಸ. ಅವರಲ್ಲಿ ಹಿರಿಯಳು ಮಲ್ಲಮ್ಮ. ಯಾದಗಿರಿ ಕಡೆಯವಳು. ಗಂಡ ಗಾರೆ ಕೆಲಸಕ್ಕೆಂದು ಹೆಬ್ಬಗೋಡಿಗೆ ಬಂದಾಗ ಜೊತೆಗೆ ಬಂದು ಇಲ್ಲಿ ಸೇರಿದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳಾದರೂ ನನ್ನನ್ನು "ಅಕ್ಕಾರ" ಎನ್ನುತ್ತಿದ್ದಳು. ನನ್ನ ಬಿಳಿ ಲ್ಯಾಬ್ ಕೋಟಿಗೆ ಕೊಡುತ್ತಿದ್ದ ಮರ್ಯಾದೆ ಅದು.

ಒಂದು ಜನವರಿಯ ಬೆಳಿಗ್ಗೆ ಮಲ್ಲಮ್ಮ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಮೂರನೇ ಕೊಳದ್ದು ಬಟ್ಟ್ಯಾಗ ನಿಂದ್ರವಲ್ದು ನೋಡ್ರಿ. ನೀರಿನ ಕೂಡ ಕೆಳಗ ಹೋಗ್ಲಕತ್ತದ."

ನಾನು ತಲೆಯೆತ್ತಲಿಲ್ಲ. "ಬಟ್ಟೆ ಹಳೇದಾಗಿರ್ತದೆ ಮಲ್ಲಮ್ಮ. ಹೊಸದು ಕಟ್ರಿ."

"ಹೊಸಾದೇ ಕಟ್ಟೀನ್ರಿ."

"ಹಂಗಾದ್ರೆ ಚಳಿಗೆ ಸಣ್ಣಗಾಗಿರ್ತದೆ. ಬಿಸಿಲು ಬಂದ್ರೆ ಸರಿಹೋಗ್ತದೆ ಬಿಡ್ರಿ," ಎಂದು ನಕ್ಕೆ.

ಆ ನಗು ನನಗೆ ಈಗಲೂ ನೆನಪಿದೆ. ಪುಸ್ತಕ ಓದಿದವರು ಓದದವರ ಮುಂದೆ ನಗುವ ನಗು. ಅದಕ್ಕೂ ಎರಡು ವಾರ ಮುಂಚೆ ಮೂರನೇ ಕೊಳದ ನೀರಿನಲ್ಲಿ ನಾನೇ ಕೆಲವು ನೇರವಾದ ಎಳೆಗಳನ್ನು ಕಂಡಿದ್ದೆ. ಸ್ಪಿರುಲಿನದ ಎಳೆ ಹಳೆಯ ಫೋನಿನ ವೈರಿನಂತೆ ಸುರುಳಿ ಸುರುಳಿಯಾಗಿರಬೇಕು. ಅದರ ಹೆಸರಿಗೂ ಸುರುಳಿಯೆಂದೇ ಅರ್ಥ. ಬಟ್ಟೆಯಲ್ಲಿ ಅದು ನಿಲ್ಲುವುದೂ ಆ ಸುರುಳಿಯಿಂದಲೇ. ನೇರವಾಗಿದ್ದವು ಮುರಿದ ತುಂಡುಗಳಿರಬೇಕು ಎಂದುಕೊಂಡು 'ಸ್ಥಿತಿ ಉತ್ತಮ' ಎಂದು ಬರೆದು ಸಹಿ ಹಾಕಿದ್ದೆ.

ಮೂರು ವಾರದಲ್ಲಿ ಆರೂ ಕೊಳಗಳ ಕಥೆ ಅದೇ ಆಯಿತು. ನೀರು ನೋಡಿದರೆ ದಟ್ಟ ಹಸಿರು, ಸೋಸಿದರೆ ಬಟ್ಟೆಯ ಮೇಲೆ ಒಂದು ತೆಳು ಕಲೆ. ಕೊನೆಗೂ ನಾನು ಎಲ್ಲ ಕೊಳಗಳ ನೀರನ್ನು ಸಾಲಾಗಿಟ್ಟು ನೋಡಿದೆ. ಎಲ್ಲೆಲ್ಲೂ ನೇರ ಗೆರೆಗಳು, ಕೊಡವಿ ಚೆಲ್ಲಿದ ಪೊರಕೆ ಕಡ್ಡಿಯಂತೆ. ಹೀಗೆ ಸುರುಳಿ ಬಿಚ್ಚಿಕೊಂಡದ್ದು ಸಾಮಾನ್ಯವಾಗಿ ಮತ್ತೆ ಸುತ್ತಿಕೊಳ್ಳುವುದಿಲ್ಲ. ಅದೂ ಅಲ್ಲದೆ ಸುರುಳಿಯವಕ್ಕಿಂತ ಬೇಗ ಬೆಳೆದು ಅವನ್ನು ಮೂಲೆಗೆ ತಳ್ಳುತ್ತದೆ.

ಇಂಥ ಆಪತ್ತಿಗೆಂದೇ ಲ್ಯಾಬಿನಲ್ಲಿ ತಾಯಿ ಪಾಚಿ ಇಟ್ಟಿರುತ್ತಾರೆ. ಟ್ಯೂಬಿನಲ್ಲಿರುವ ಶುದ್ಧ ತಳಿಯನ್ನು ಕೆಲವು ವಾರಕ್ಕೊಮ್ಮೆ ಹೊಸ ಟ್ಯೂಬಿಗೆ ಬದಲಿಸುತ್ತಾ ಕಾಪಾಡಬೇಕು. ಅದು ನನ್ನ ಜವಾಬ್ದಾರಿ. ನವೆಂಬರಿನಲ್ಲಿ ಟ್ಯೂಬುಗಳು ಬಣ್ಣಗೆಟ್ಟು ಕಂಡವು. ಬದಲಿಸಿ ಬೆಳೆಸಲು ಬೇಸರವಾಗಿ, ಕೊಳದಲ್ಲೇ ಇಷ್ಟು ಚೆನ್ನಾಗಿದೆಯಲ್ಲ ಎಂದು ಕೊಳದ ನೀರನ್ನೇ ಸೋಸಿ ಟ್ಯೂಬಿಗೆ ತುಂಬಿದ್ದೆ. ಹಳೆಯದನ್ನು ಸಿಂಕಿಗೆ ಚೆಲ್ಲಿದ್ದೆ. ಈಗ ನೋಡಿದರೆ ಅವೂ ಗೆರೆಗಳು.

ಆ ಮಧ್ಯಾಹ್ನ ಗುರುಬಸಪ್ಪನವರ ಮುಂದೆ ನಿಂತೆ. ಡಬ್ಬಿಯಿಂದ ರೊಟ್ಟಿ ಮುರಿಯುತ್ತಿದ್ದರು.

"ಸಾರ್, ತಪ್ಪು ನನ್ನದು," ಎಂದು ಶುರುಮಾಡಿ ಮೂರನೇ ಕೊಳದ್ದು, ಮಲ್ಲಮ್ಮ ಹೇಳಿದ್ದು, ಸಿಂಕಿಗೆ ಚೆಲ್ಲಿದ್ದು ಎಲ್ಲ ಹೇಳಿದೆ. ಅವರು ರೊಟ್ಟಿಯನ್ನು ಡಬ್ಬಿಗೆ ವಾಪಸು ಇಟ್ಟು ಮುಚ್ಚಳ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಹೊರಗಿಂದ ತಾಯಿ ಪಾಚಿ ತರಿಸಬಹುದು," ಎಂದರು. "ಆದರೆ ನಮ್ಮ ನೀರಿಗೆ, ನಮ್ಮ ಚಳಿಗೆ ಇದು ಒಗ್ಗೋದಕ್ಕೇ ಎರಡು ವರ್ಷ ಹಿಡೀತು. ಮತ್ತೆ ಎರಡು ವರ್ಷ ಕಾಯೋ ವಯಸ್ಸು ನನಗಿಲ್ಲಮ್ಮ. ಮುಚ್ಚೋದೇ ವಾಸಿ."

"ಮಳೆಗಾಲದವರೆಗೆ ಟೈಮ್ ಕೊಡಿ ಸಾರ್. ಅಷ್ಟರಲ್ಲಿ ಒಂದು ಕೊಳ ತುಂಬಿಸ್ತೀನಿ."

"ಎಲ್ಲಿಂದ ತುಂಬಿಸ್ತೀರಿ? ಬೀಜವೇ ಇಲ್ಲವಲ್ಲ."

"ತುಂಬಿಸ್ತೀನಿ ಸಾರ್," ಎಂದೆ. ನನ್ನ ಜೀವನದಲ್ಲಿ ಇಷ್ಟು ಆಧಾರವಿಲ್ಲದ ಮಾತನ್ನು ಇಷ್ಟು ಗಟ್ಟಿಯಾಗಿ ನಾನು ಮತ್ತೆ ಆಡಿಲ್ಲ. ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಮಳೆ ಹಿಡಿಯೋವರೆಗೆ," ಎಂದರು.

ಸೋಸುವ ಕೆಲಸ ನಿಂತದ್ದರಿಂದ ಮೂರು ಹೆಂಗಸರು ಗಾರ್ಮೆಂಟ್ಸಿಗೆ ಹೋದರು. ಮಲ್ಲಮ್ಮ ಹೋಗಲಿಲ್ಲ. ನಾನು ಅವಳ ಹತ್ತಿರ ಹೋಗಿ, "ಮಲ್ಲಮ್ಮ, ಅವತ್ತು ನಿಮ್ಮ ಮಾತು ಕೇಳಬೇಕಿತ್ತು," ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಒಣಗಿಸುವ ಶೆಡ್ಡಿನ ಹಿಂದೆ ಬೇವಿನ ಮರದ ಬುಡಕ್ಕೆ ಕರೆದುಕೊಂಡು ಹೋದಳು. ಅಲ್ಲೊಂದು ನೀಲಿ ಡ್ರಮ್ಮು. ಮೇಲೆ ಹರಕು ಸೊಳ್ಳೆಪರದೆಯ ತುಂಡು ಕಟ್ಟಿತ್ತು.

"ಆಯುಧಪೂಜಿಗೆ ಕೊಳ ತೊಳದೇವಲ್ರಿ, ಅವಾಗ ಉಳದಿದ್ದು. ಚೆಲ್ಲಾಕ ಮನಸ್ ಆಗ್ಲಿಲ್ಲ. ಹೆಪ್ಪಿಗಂತ ಇಟ್ಟೀನಿ. ಮನ್ಯಾಗ ಮೊಸರು ಪೂರಾ ಬಡಸ್ತೀವೇನ್ರಿ, ಒಂದೀಟು ತಗದಿಡ್ತೀವಲ್ಲ."

"ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಕಂಪನಿ ಡ್ರಮ್ಮು ಯಾರನ್ನ ಕೇಳಿ ತಗೊಂಡಿ ಅಂತ ಬೈತೀರಿ ಅಂದ್ಕೊಂಡೆ." ಆಮೇಲೆ ಸೇರಿಸಿದಳು, "ಮುಂಜಾನಿ ಬಟ್ಟ್ಯಾಗ ಹಾಕಿ ನೋಡೀನಿ. ನಿಂದ್ರತದ."

ಓಡಿ ಒಂದು ಹನಿ ತಂದು ನೋಡಿದೆ. ಹುಳುಗಳು ಈಜುತ್ತಿದ್ದವು. ಬೇರೆ ಜಾತಿಯ ದುಂಡನೆಯ ಹಸಿರು ಕಾಳುಗಳಿದ್ದವು. ಗೆರೆಗಳೂ ಇದ್ದವು. ನಡುವೆ ಅಲ್ಲೊಂದು ಇಲ್ಲೊಂದು ಸುರುಳಿ. ಕಣ್ಣಲ್ಲಿ ನೀರು ತುಂಬಿ ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ.

ಆದರೆ ಆ ನೀರನ್ನು ಹಾಗೆಯೇ ಬೆಳೆಸಿದರೆ ಮತ್ತೆ ಗೆರೆಗಳೇ ಗೆಲ್ಲುತ್ತಿದ್ದವು. ಇದ್ದದ್ದು ಒಂದೇ ದಾರಿ, ಒಂದೇ ಒಂದು ಸುರುಳಿಯನ್ನು ಎತ್ತಿ ತೆಗೆದು ಅದರಿಂದ ಸಂಸಾರ ಹೂಡುವುದು. ಗಾಜಿನ ಕೊಳವೆಯನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಎಳೆದು, ತುದಿಯನ್ನು ಕೂದಲಿನಷ್ಟು ಸಣ್ಣಗೆ ಮಾಡಬೇಕು. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಉಸಿರು ಹಿಡಿದು ಒಂದು ಸುರುಳಿಯನ್ನು ಹೀರಿ, ಶುದ್ಧ ನೀರಿನ ಏಳು ಹನಿಗಳಲ್ಲಿ ಒಂದಾದ ಮೇಲೊಂದರಂತೆ ತೊಳೆದು, ಟ್ಯೂಬಿಗೆ ಬಿಡಬೇಕು. ಕಾಲೇಜಿನಲ್ಲಿ ಇದನ್ನು ಮಾಡಿ ತೋರಿಸಿದ್ದರು. ನಾನು ಹಿಂದಿನ ಬೆಂಚಿನಲ್ಲಿದ್ದೆ.

ಮೊದಲ ಇಪ್ಪತ್ತು ಟ್ಯೂಬುಗಳನ್ನು ಟ್ಯೂಬ್‌ಲೈಟಿನ ಪಕ್ಕದಲ್ಲೇ ಇಟ್ಟೆ. ಒಂದರಲ್ಲೂ ಹಸಿರು ಕಾಣಿಸಲಿಲ್ಲ. ಪುಸ್ತಕ ತೆಗೆದರೆ ಕಾರಣ ಅಲ್ಲೇ ಇತ್ತು. ಕೊಳದಲ್ಲಿ ಲಕ್ಷಗಟ್ಟಲೆ ಎಳೆಗಳು ಒಂದಕ್ಕೊಂದು ನೆರಳಾಗಿರುತ್ತವೆ. ಒಂಟಿ ಎಳೆ ಅಷ್ಟು ಬೆಳಕು ತಡೆಯುವುದಿಲ್ಲ. ಆಮೇಲಿನ ಟ್ಯೂಬುಗಳಿಗೆಲ್ಲ ಹಳೆಯ ನ್ಯೂಸ್‌ಪೇಪರ್ ಸುತ್ತಿ, ಬಾಣಂತಿ ಕೋಣೆಯಂತೆ ಅರೆಬೆಳಕು ಮಾಡಿದೆ. ಕುತ್ತಿಗೆ ಹಿಡಿದುಕೊಂಡಿತು, ಬೆರಳುಗಳಿಗೆ ಬೊಬ್ಬೆ ಬಂತು. ದಿನಕ್ಕೆ ಮೂರು ಸುರುಳಿ ಹಿಡಿದರೆ ದೊಡ್ಡದು. ನಲವತ್ತು ಟ್ಯೂಬು ಮಾಡಿದೆ. ನಾಲ್ಕನೇ ವಾರ ನಾಲ್ಕು ಟ್ಯೂಬಿನ ತಳದಲ್ಲಿ ಹಸಿರಿನ ಸುಳಿವು ಕಾಣಿಸಿತು. ನೋಡಿದರೆ ಎರಡರಲ್ಲಿ ತೊಳೆಯುವಾಗ ಕಣ್ತಪ್ಪಿ ಸೇರಿಕೊಂಡ ಗೆರೆ, ಎರಡರಲ್ಲಿ ಸುರುಳಿ. ಸುರುಳಿಯ ಎರಡರಲ್ಲಿ ಒಂದನ್ನು ಅದೇ ಸಂಜೆ ನನ್ನ ಮೊಣಕೈಯೇ ತಾಗಿ ಬೀಳಿಸಿತು.

ಮಲ್ಲಮ್ಮ ಗಾಜಿನ ಚೂರು ಗುಡಿಸುತ್ತಾ, "ಇನ್ನೊಂದದಲ್ರಿ," ಎಂದಳು.

ಇನ್ನೊಂದು ಇತ್ತು. ಅದನ್ನು ಟ್ಯೂಬಿನಿಂದ ಫ್ಲಾಸ್ಕಿಗೆ, ಫ್ಲಾಸ್ಕಿನಿಂದ ಬಾಟಲಿಗೆ ಏರಿಸುವ ಹೊತ್ತಿಗೆ ಏಪ್ರಿಲ್. ಶೆಡ್ಡಿನ ತಗಡು ಕಾದು ಹಂಚಾಗುತ್ತಿತ್ತು. ಕರೆಂಟು ಹೋದರೆ ಫ್ಯಾನಿಲ್ಲ. ಅಷ್ಟು ಶಾಖಕ್ಕೆ ಬಾಟಲಿಯಲ್ಲಿದ್ದದ್ದು ಬೆಂದೇ ಹೋಗುತ್ತದೆಂದು ಹೆದರಿ, ಭಾನುವಾರ ನೋಡಿಕೊಳ್ಳಲು ಯಾರೂ ಇರದ ಕಾರಣ ಪ್ರತಿ ಶನಿವಾರ ಅದನ್ನು ಹೆಬ್ಬಗೋಡಿಯ ನನ್ನ ರೂಮಿಗೆ ಎತ್ತಿಕೊಂಡು ಹೋಗುತ್ತಿದ್ದೆ. ಬಸ್ಸಿನಲ್ಲಿ ಮಡಿಲ ಮೇಲೆ ಕಡುಹಸಿರು ಬಾಟಲಿ. ಒಂದು ಸಲ ಕಂಡಕ್ಟರು ಟಿಕೆಟ್ ಹರಿಯುತ್ತಾ ಕೇಳಿದರು, "ಏನಮ್ಮಾ ಅದು, ಕಷಾಯಾನಾ?"

"ಪಾಚಿ."

"ಯಾರಿಗೆ?"

"ಸಾಕ್ತಾ ಇದೀನಿ."

ಅವರು ಟಿಕೆಟ್ ಕೊಟ್ಟು ಹಿಂದಕ್ಕೆ ಹೋದರು. ಪಕ್ಕದಲ್ಲಿ ಕೂತಿದ್ದಾಕೆ ಎದ್ದು ಬೇರೆ ಸೀಟಿಗೆ ಹೋದಳು. ನನಗೆ ಬಾಟಲಿ ಇಡಲು ಜಾಗ ಸಿಕ್ಕಿತು.

ಮೇ ತಿಂಗಳಿಗೆ ಬಾಟಲಿ ಟಬ್ಬಾಗಿ, ಟಬ್ಬು ಮನೆಯ ನೀರಿನ ತೊಟ್ಟಿಯಷ್ಟು ದೊಡ್ಡ ಸಿಮೆಂಟು ತೊಟ್ಟಿಯಾಯಿತು. ಚಕ್ರದ ಮೇಲೆ ನನಗೆ ಅನುಮಾನವಿತ್ತು. ದೀಪಾವಳಿ ಹೊತ್ತಿಗೆ ಗುರುಬಸಪ್ಪನವರು ಬೆಳೆ ಹೆಚ್ಚಲಿ ಎಂದು ಜೋರಾಗಿ ತಿರುಗುವ ಹೊಸ ಮೋಟರು ಹಾಕಿಸಿದ್ದರು. ಎಳೆಗಳು ಹದಗೆಟ್ಟದ್ದು ಆ ಹೊಡೆತಕ್ಕಿರಬಹುದು ಎಂದು ನನ್ನ ಊಹೆ. ಖಚಿತವಾಗಿ ಹೇಳಲಾರೆ. ಹಾಗಾಗಿ ತೊಟ್ಟಿಗೆ ಚಕ್ರವೇ ಬೇಡವೆಂದೆ. ಮಲ್ಲಮ್ಮ ಗಂಟೆಗೊಮ್ಮೆ ಪೊರಕೆಯಿಂದ ಮೆಲ್ಲಗೆ ಕಲಕುತ್ತಿದ್ದಳು, ಅಂಬಲಿ ತಿರುವುವ ಹಾಗೆ. ಇದನ್ನು ನೋಡಿದ ಗುರುಬಸಪ್ಪನವರು ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ಹೊಸ ಮೋಟರನ್ನು ಬಿಚ್ಚಿ, ಹಳೆಯದನ್ನು ಮತ್ತೆ ಕೂರಿಸತೊಡಗಿದರು.

"ಮೋಟರು ನನ್ನದು ಸುಮಂಗಲಾ," ಎಂದರು ಬಗ್ಗಿದಲ್ಲಿಂದಲೇ. "ತಪ್ಪನ್ನೆಲ್ಲ ನೀವೊಬ್ಬರೇ ಇಟ್ಕೋಬೇಡಿ."

ಮಳೆ ಹೇಳಿದ ಸಮಯಕ್ಕಿಂತ ಮುಂಚೆ ಬಂತು. ಒಂದು ಮಧ್ಯಾಹ್ನ ಮೂರು ಗಂಟೆಗೆ ಆನೇಕಲ್ಲಿನ ಕಡೆಯಿಂದ ಮೋಡ ಕವಿದು ಗಾಳಿ ಎದ್ದಿತು. ನಮ್ಮ ತೊಟ್ಟಿಯೋ ಆಳವಿಲ್ಲದ್ದು. ಹೊಡೆದು ಸುರಿದರೆ ನೀರು ತೆಳುವಾಗಿ, ತುಂಬಿ, ಹೊರಚೆಲ್ಲಿ, ನಾಲ್ಕು ತಿಂಗಳ ಕೆಲಸ ಚರಂಡಿ ಸೇರುತ್ತಿತ್ತು. ನಾನೂ ಮಲ್ಲಮ್ಮನೂ ಟಾರ್ಪಾಲು ಎಳೆದು ಹೊದಿಸಿ ಮೂಲೆಗಳಿಗೆ ಕಲ್ಲು ಹೇರಿದೆವು. ಗಾಳಿ ಕಲ್ಲಿನ ಸಮೇತ ಎತ್ತಿತು. ಆಗ ಇಬ್ಬರೂ ಒಂದೊಂದು ಮೂಲೆಯ ಮೇಲೆ ಕೂತೆವು. ಮೂರನೇ ಮೂಲೆ ಪಟಪಟ ಬಡಿಯುತ್ತಿತ್ತು. ಆಫೀಸಿನಿಂದ ಗುರುಬಸಪ್ಪನವರು ಬರಿಗಾಲಲ್ಲಿ ಬಂದು ಅದರ ಮೇಲೆ ಕೂತರು. ನಾಲ್ಕನೆಯದನ್ನು ಮೊದಲೇ ಬೇವಿನ ಮರಕ್ಕೆ ಕಟ್ಟಿದ್ದೆವು. ಆಲಿಕಲ್ಲು ಬೆನ್ನಿಗೆ ಬಡಿಯಿತು. ಮುಕ್ಕಾಲು ಗಂಟೆ ಹಾಗೆಯೇ ಕೂತಿದ್ದೆವು. ಅವರ ವಿಭೂತಿ ಮೂಗಿನ ಮೇಲೆ ಹರಿದು ಗಲ್ಲಕ್ಕೆ ಇಳಿದಿತ್ತು. ಯಾರೂ ಏಳಲಿಲ್ಲ. ಮಳೆ ನಿಂತ ಮೇಲೆ ಟಾರ್ಪಾಲು ಸರಿಸಿ ನೋಡಿದರೆ ತೊಟ್ಟಿ ನಾವು ಬಿಟ್ಟ ಹಾಗೆಯೇ ಇತ್ತು. "ಚಾ ಮಾಡ್ತೀನಿ," ಎಂದು ಮಲ್ಲಮ್ಮ ಎದ್ದು ಹೋದಳು.

ಜೂನ್ ಎರಡನೇ ವಾರ ಒಂದನೇ ಕೊಳ ತುಂಬಿತು. ಸೋಸಿದ ಮೊದಲ ದಿನ ಗುರುಬಸಪ್ಪನವರು ಬಟ್ಟೆಯ ಮೇಲೆ ನಿಂತ ಹಸಿರನ್ನು ಬೆರಳಲ್ಲಿ ಮುಟ್ಟಿ, "ಆ ಮೂವರಿಗೂ ಹೇಳಿ ಕಳಿಸಿ," ಎಂದರು. ಇಬ್ಬರು ವಾಪಸು ಬಂದರು. ಒಬ್ಬಳಿಗೆ ಗಾರ್ಮೆಂಟ್ಸಿನಲ್ಲೇ ಹಿಡಿಸಿತ್ತು.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಮಲ್ಲಮ್ಮನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದು. "ನನಗ ಓದಾಕ ಬರಂಗಿಲ್ರಿ ಅಕ್ಕಾರ," ಎಂದು ಹಿಂದೆ ಸರಿದಳು.

"ಇದರಲ್ಲಿ ಓದೋದೇನಿಲ್ಲ. ಸುರುಳಿ ಕಂಡ್ರೆ ಪುಸ್ತಕದಲ್ಲಿ ಸುರುಳಿ ಬರೀರಿ. ಗೆರೆ ಕಂಡ್ರೆ ಗೆರೆ ಎಳೀರಿ."

ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಇಷ್ಟು ಸಣ್ಣದಕ್ಕ ಅಷ್ಟು ದಿನ ಗುದ್ದ್ಯಾಡಿದೆವೇನ್ರಿ?" ಎಂದಳು. ಅಂದಿನಿಂದ ದಿನಾ ಬೆಳಿಗ್ಗೆ ಸೋಸುವ ಮುಂಚೆ ಅವಳು ಒಂದೊಂದಾಗಿ ತುಂಬುತ್ತಾ ಬಂದ ಕೊಳಗಳ ಹನಿ ನೋಡಿ ಬರೆಯತೊಡಗಿದಳು. ಪುಟದ ತುಂಬಾ ಸುರುಳಿಗಳು. ಮೊದಮೊದಲು ಜಿಲೇಬಿಯಂತಿದ್ದವು, ಬರಬರುತ್ತಾ ದುಂಡಗಾದವು.

ಮುಂದಿನ ಚಳಿಗಾಲ ಒಂದು ಬೆಳಿಗ್ಗೆ ಅವಳು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು. ಐದನೇ ಕೊಳದ ಸಾಲಿನಲ್ಲಿ ಸುರುಳಿಗಳ ನಡುವೆ ಒಂದು ಗೆರೆ.

ಹೋಗಿ ನೋಡಿದೆ. ಸುರುಳಿಗಳೇ. ಮತ್ತೆ ನೋಡಿದೆ. ಗಾಜು ಸರಿಸಿ ಮೂರನೇ ಸಲ ನೋಡಿದೆ. ಬರೀ ಸುರುಳಿಗಳು. ಕಣ್ಣೆತ್ತಿ ಅವಳ ಕಡೆ ತಿರುಗಿದೆ.

"ಬಲಕ್ಕ ಸರಸ್ರಿ," ಎಂದಳು ಮಲ್ಲಮ್ಮ. "ಇನ್ನಾ ಸ್ವಲ್ಪ. ದಂಡಿಗದ."

ದಂಡೆಯಲ್ಲಿ ಒಂದೇ ಒಂದು ನೇರ ಎಳೆ ಇತ್ತು, ಸೂಜಿಯಂತೆ.

ಪೆನ್ನು ತೆಗೆದು ಅವಳ ಗೆರೆಯ ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಹನ್ನೊಂದು ಗಂಟೆಯೊಳಗೆ ಐದನೇ ಕೊಳವನ್ನು ಪೂರ್ತಿ ಖಾಲಿ ಮಾಡಿಸಿ, ಇಬ್ಬರೂ ಸೆರಗು ಕಟ್ಟಿಕೊಂಡು ಒಳಗಿಳಿದು ಅದರ ತಳ ತಿಕ್ಕಿದೆವು.